ಮುನ್ನೂರು ವರ್ಷದ ಗಂಟಲು

ಆ ಪಿಕ್ಚರು ನಮ್ಮ ಮನೆಯ ಟಿವಿಗೆ ಬಂದಾಗ ನನ್ನ ಗಂಡ ತೀರಿಕೊಂಡು ಐದು ತಿಂಗಳಾಗಿತ್ತು. ಭಾನುವಾರ, ಬೆಳಿಗ್ಗೆ ಹತ್ತು ಗಂಟೆ. ಮಗಳು ರಿಮೋಟ್ ಹಿಡಿದು ಭಾಷೆಗಳ ಪಟ್ಟಿಯಲ್ಲಿ ಕೆಳಗಿಳಿಯುತ್ತ ಹೋದಳು. ತಮಿಳು, ತೆಲುಗು, ಹಿಂದಿ, ಮಲಯಾಳಂ, ಎಲ್ಲಕ್ಕಿಂತ ಕೆಳಗೆ ಕನ್ನಡ. ಅಲ್ಲಿ ನಿಲ್ಲಿಸಿ ನನ್ನ ಮುಖ ನೋಡಿದಳು.

"ಪೋಡಟ್ಟುಮಾ ಮಾ?"

ಹಾಕಲೇ ಎಂದು. ಚೆನ್ನೈಯಲ್ಲಿ ಹುಟ್ಟಿ ಬೆಳೆದವಳು, ಬಾಯಿಗೆ ತಮಿಳೇ ಬರುತ್ತದೆ. ಹಾಕು ಎಂದೆ.

ಅದು ಹೊರದೇಶದ ಫೈಟಿಂಗ್ ಪಿಕ್ಚರು. ಕಪ್ಪು ಬಿಳುಪಿನ ಕಾಲದ ಭೂತಗಳನ್ನೆಲ್ಲ ಮತ್ತೆ ಎಬ್ಬಿಸಿ ತಂದಿದ್ದರು. ರಕ್ತ ಹೀರುವ ದೊರೆ, ಹುಣ್ಣಿಮೆಗೆ ತೋಳವಾಗುವ ಮನುಷ್ಯ, ಬಟ್ಟೆ ಸುತ್ತಿಟ್ಟ ಹಳೆಯ ಹೆಣ. ಅವುಗಳ ಬೆನ್ನು ಹತ್ತಿ ಒಬ್ಬಳು ಹೆಂಗಸು ಮೋಟಾರ್ ಸೈಕಲ್ಲಿನಲ್ಲಿ ಗನ್ನು ಹಿಡಿದು ಊರೂರು ಸುತ್ತುತ್ತಾಳೆ. ಅರ್ಧ ಗಂಟೆ ಬರೀ ಹೊಡೆದಾಟ. ಆಮೇಲೆ ಒಂದು ನೆಲಮಾಳಿಗೆ, ಅಲ್ಲೊಂದು ಕಲ್ಲಿನ ಪೆಟ್ಟಿಗೆ. ಮುಚ್ಚಳ ಸರಿಯಿತು. ಒಳಗಿದ್ದವನು ಮೆಲ್ಲಗೆ ಎದ್ದು ಕೂತ. ತುಟಿ ಅಲುಗಿತು.

"ನನ್ನನ್ನು ಎಬ್ಬಿಸಿದವರು ನೀವು. ಮಲಗಿಸುವುದು ನಿಮ್ಮಿಂದ ಆಗುವುದಿಲ್ಲ."

ನಮ್ಮ ಮನೆಯವರ ದನಿ. ನಾನು ಎದ್ದು ಅಡುಗೆಮನೆಗೆ ಹೋಗಿ ಗ್ಯಾಸ್ ಆರಿಸಲು ಕೈ ಹಾಕಿದೆ. ಒಲೆಯ ಮೇಲೆ ಏನೂ ಇರಲಿಲ್ಲ, ಗ್ಯಾಸ್ ಹಚ್ಚಿಯೂ ಇರಲಿಲ್ಲ.

ನಮ್ಮಲ್ಲಿ ಸತ್ತವರನ್ನು ಸುಡುವುದಿಲ್ಲ. ಕೂರಿಸಿ ಮಣ್ಣು ಮಾಡುತ್ತೇವೆ. ಚೌಕವಾಗಿ ಗುಂಡಿ ತೋಡಿ, ಒಳಗೆ ಗೂಡು ಮಾಡಿ, ಎಡ ಅಂಗೈಯಲ್ಲಿ ಲಿಂಗ ಇಟ್ಟು, ವಿಭೂತಿ, ಬಿಲ್ವಪತ್ರೆ ತುಂಬಿ ಮುಚ್ಚುತ್ತಾರೆ. ಚೆನ್ನೈಯಲ್ಲಿ ನಮ್ಮವರ ಮನೆಗಳು ಕಡಿಮೆ. ಗುಂಡಿ ತೋಡುವವನಿಗೆ ಅಯ್ಯನವರು ಆ ದಿನ ಎರಡು ಸಲ ಬಿಡಿಸಿ ಹೇಳಬೇಕಾಯಿತು. "ಮಲಗಿಸೋದಲ್ಲಪ್ಪಾ, ಕೂರಿಸೋದು." ಗಂಡನ ಕುತ್ತಿಗೆಯಲ್ಲಿದ್ದ ತೂತಿಗೆ ನಾನು ಹತ್ತಿಬಟ್ಟೆಯ ಪಟ್ಟಿ ಕಟ್ಟಿ ಅದರ ಮೇಲೆ ವಿಭೂತಿ ಹಚ್ಚಿದ್ದೆ. ಆ ಭಾನುವಾರ ಪೆಟ್ಟಿಗೆಯಲ್ಲಿ ಆ ದೊರೆ ಎದ್ದು ಕೂತದ್ದು ನೋಡಿದ ಮೇಲೆ, ಕೂತೇ ಇರುವವರಿಗೆ ಏಳುವುದು ಇನ್ನೂ ಸುಲಭವಲ್ಲವೇ ಎಂದು ನನ್ನ ಮನಸ್ಸಿಗೆ ಬಂತು. ಅಂಥ ಯೋಚನೆ ಬಂದದ್ದಕ್ಕೆ ಕೆನ್ನೆ ಬಡಿದುಕೊಂಡೆ. ಆದರೂ ಬಂದದ್ದು ಬಂತು.

ಅವರು ಡಬ್ಬಿಂಗ್ ಆರ್ಟಿಸ್ಟ್. ಅವರ ಅಜ್ಜ ಚಿತ್ರದುರ್ಗದ ಕಡೆಯಿಂದ ಚೆನ್ನೈಗೆ ಬಂದು ಇಲ್ಲಿನ ಪ್ಯಾರೀಸ್ ಕಾರ್ನರಿನಲ್ಲಿ ಕಾಗದದ ಹೋಲ್‌ಸೇಲ್ ಅಂಗಡಿ ಇಟ್ಟವರು. ಮನೆಯವರೆಲ್ಲ ಅಂಗಡಿಯಲ್ಲಿ ಕೂತರೆ ಇವರೊಬ್ಬರು ವಡಪಳನಿಯ ಸ್ಟುಡಿಯೋಗಳ ಬಾಗಿಲು ಕಾದರು. ಮೂವತ್ತು ವರ್ಷ ತಮಿಳು ಪಿಕ್ಚರುಗಳಿಗೆ ದನಿ ಕೊಟ್ಟರು ಎಂದರೆ ದೊಡ್ಡದಾಗಿ ಕೇಳಿಸುತ್ತದೆ. ಕೊಟ್ಟದ್ದು ಗುಂಪಿಗೆ. ಸಂತೆಯಲ್ಲಿ ಕೂಗುವವರು, ಬಸ್ಸಿನಲ್ಲಿ ಜಗಳವಾಡುವವರು, ಹೀರೋ ಹೊಡೆದಾಗ "ಅಯ್ಯೋ" ಎಂದು ಬೀಳುವವರು. ಟಿವಿಯಲ್ಲಿ ಏನಾದರೂ ಬಂದರೆ ಮಗಳನ್ನು ಕರೆದು, "ಪುಟ್ಟೀ, ಈ ಗದ್ದಲದಲ್ಲಿ ನಿಮ್ಮಪ್ಪ ಎಲ್ಲಿದಾನೆ ಹೇಳು" ಎನ್ನುತ್ತಿದ್ದರು. ಅವಳು ಚಿಕ್ಕವಳಿದ್ದಾಗ ಸರಿಯಾಗಿ ಬೆರಳು ತೋರಿಸುತ್ತಿದ್ದಳು. ನನಗೆ ಎಂದೂ ಗೊತ್ತಾಗುತ್ತಿರಲಿಲ್ಲ.

ಹೊರಗಿನ ಪಿಕ್ಚರುಗಳಿಗೆ ಕನ್ನಡದಲ್ಲೂ ದನಿ ಹಾಕುವುದು ಶುರುವಾದ ಮೇಲೆ ಅವರಿಗೆ ಒಂದು ಆಸೆ ಹುಟ್ಟಿತು. ಅಷ್ಟು ವರ್ಷ ಬೇರೆ ಭಾಷೆಯಲ್ಲಿ ಕೂಗಿದ ಮನುಷ್ಯನಿಗೆ ಸ್ವಂತ ಭಾಷೆಯಲ್ಲಿ ಒಂದು ಪಾತ್ರ ಪೂರ್ತಿ ಮಾತಾಡಬೇಕೆಂದು. ಆದರೆ ಅಂಥ ಕೆಲಸ ಬೆಂಗಳೂರಿಗೆ ಹೋಗುತ್ತಿತ್ತು. ಎಲ್ಲೋ ಒಂದೆರಡು ಚೆನ್ನೈಯಲ್ಲಿ ನಡೆದರೂ ಇವರಿಗೆ ಮತ್ತೆ ಗುಂಪೇ.

ಆ ವರ್ಷ ಗೌರಿ ಹಬ್ಬದ ಹೊತ್ತಿಗೆ ಅವರ ಗಂಟಲು ಕಟ್ಟಿತು. ಕೆಮ್ಮಿಲ್ಲ, ಜ್ವರವಿಲ್ಲ. ದನಿ ಮಾತ್ರ ಒರಟಾಯಿತು, ಒಲೆಯ ಮೇಲೆ ಮರೆತ ಪಾತ್ರೆಯ ತಳ ಕೆರೆದ ಹಾಗೆ. ಅವರ ಶರ್ಟಿನ ಜೇಬಿನಲ್ಲಿ ಯಾವಾಗಲೂ ಒಂದು ತಗಡಿನ ಡಬ್ಬಿ ಇರುತ್ತಿತ್ತು, ಅದರಲ್ಲಿ ಕಲ್ಲುಸಕ್ಕರೆ, ಎರಡು ಲವಂಗ. ದನಿಯ ಕೆಲಸದವರು ಗಂಟಲನ್ನು ಹಸುಗೂಸಿನ ಹಾಗೆ ನೋಡಿಕೊಳ್ಳುತ್ತಾರೆ. ನಾನು ದಿನಾ ಸಂಜೆ ಮೆಣಸು, ಅರಿಸಿನ ಹಾಕಿ ಹಾಲು ಕಾಯಿಸಿ ಕೊಡುತ್ತಿದ್ದೆ. ಎರಡು ವಾರವಾದರೂ ದನಿ ಬಿಡಲಿಲ್ಲ. "ಡಾಕ್ಟರ ಹತ್ರ ಹೋಗಿ ಬರೋಣ ರೀ" ಎಂದೆ. ಸೋಮವಾರ ಹೋಗುವುದೆಂದು ಮಾತಾಯಿತು.

ಅದರ ಹಿಂದಿನ ಶುಕ್ರವಾರ ಡಬ್ಬಿಂಗ್ ಇನ್‌ಚಾರ್ಜ್ ಫೋನ್ ಮಾಡಿದರು. ಯಾವ ಪಾತ್ರಕ್ಕೆ ಯಾರ ದನಿ ಎಂದು ಹುಡುಕಿ ಕರೆಸುವವರು ಅವರೇ. ಹೊರದೇಶದ ಕಂಪನಿಗೆ ಕಳಿಸಲು ಹತ್ತಾರು ಜನರ ದನಿ ಹಿಡಿಯುತ್ತಿದ್ದರಂತೆ. ಇವರು ಹೋಗಿ ನಾಲ್ಕು ಸಾಲು ಹೇಳಿದರು. ಮನೆಗೆ ಬಂದಾಗ ಚಪ್ಪಲಿ ಬಿಡುವ ಮೊದಲೇ ಮಾತು ಶುರುವಾಯಿತು.

"ಏನಾಯ್ತು ಗೊತ್ತೇನೇ? ಆ ಯಪ್ಪ ಗಾಜಿನ ಆ ಕಡೆಯಿಂದ ಎದ್ದು ಓಡಿ ಬಂದ! 'ಸಾರ್, ಮುನ್ನೂರು ವರ್ಷ ಪೆಟ್ಟಿಗೇಲಿ ಮಾತಿಲ್ದೆ ಮಲಗಿದ್ದವನ ಗಂಟಲು ಹೀಗೇ ಇರ್ಬೇಕು ಸಾರ್' ಅಂತ ಕೈ ಹಿಡ್ಕೊಂಡ. ಗುಂಪಲ್ಲಿ ಕೂಗೋನಿಗೆ ಸಾರ್ ಅಂದ ಕಣೇ!"

ಸೋಮವಾರ ಬೆಳಿಗ್ಗೆಯೇ ಹೊರಗಿನವರು ಒಪ್ಪಿದರು. ಅಷ್ಟು ಜನರಲ್ಲಿ ಇವರ ದನಿ. ಮಗಳು ಪೆರುಂಗುಡಿಯ ಆಫೀಸಿನಿಂದ ಫೋನ್ ಮಾಡಿ, "ಅಪ್ಪಾ, ಪೇಯ್ ಮಾದಿರಿ ಪೇಸರೀಂಗ, ಸೂಪರ್ ಪಾ" ಎಂದಳು. ಭೂತದ ಹಾಗೆ ಮಾತಾಡ್ತೀಯ ಎನ್ನುವುದು ಆ ದಿನ ನಮ್ಮ ಮನೆಯಲ್ಲಿ ಹೊಗಳಿಕೆಯಾಗಿತ್ತು.

ಇಲ್ಲಿಂದ ಮುಂದಿನದನ್ನು ನಾನು ನೇರವಾಗಿ ಬರೆಯಬೇಕು.

ಹೊರಗಿನವರು ಪಿಕ್ಚರನ್ನು ಒಟ್ಟಿಗೆ ಕಳಿಸುವುದಿಲ್ಲ, ತುಂಡು ತುಂಡಾಗಿ ಕಳಿಸುತ್ತಾರೆ. ನಾಲ್ಕು ತಿಂಗಳ ಕೆಲಸ. ಒಮ್ಮೆ ಒಪ್ಪಿದ ದನಿ ಕೊನೆಯವರೆಗೂ ಹಾಗೆಯೇ ಇರಬೇಕು. ಮೊದಲ ತುಂಡಿನಲ್ಲಿ ಒರಟಾಗಿದ್ದು ಮೂರನೆಯದರಲ್ಲಿ ತಿಳಿಯಾದರೆ ಬೇರೆಯವರನ್ನು ಕರೆಸುತ್ತಾರೆ. ಇನ್‌ಚಾರ್ಜ್ ನಗುತ್ತಲೇ ಹೇಳಿದ್ದರಂತೆ, "ಸಾರ್, ಗಂಟಲು ವಾಸಿ ಮಾಡ್ಕೊಂಡ್‌ಬಿಟ್ಟೀರಾ ಮತ್ತೆ!" ಸೋಮವಾರ ಡಾಕ್ಟರ ಹತ್ತಿರ ಹೋಗಲಿಲ್ಲ. ಆ ಸಂಜೆ ಹಾಲಿಗೆ ಮೆಣಸು ಕುಟ್ಟುತ್ತಿದ್ದೆ. ಅವರು ಬಂದು ಕುಟ್ಟಾಣಿಯ ಮೇಲೆ ಕೈ ಇಟ್ಟರು.

"ಸಂಕ್ರಾಂತಿವರೆಗೂ ಬೇಡ ಕಣೇ. ಮುಗೀಲಿ, ಆಮೇಲೆ ಎಷ್ಟು ಬೇಕೋ ಅಷ್ಟು ಕುಡಿಸು."

ನಾನು ಇಲ್ಲ ಎನ್ನಲಿಲ್ಲ. ಕುಟ್ಟಿದ್ದ ಮೆಣಸನ್ನು ಸಾರಿಗೆ ಹಾಕಿದೆ. ಮಾರನೆಯ ದಿನ ಅವರ ತಗಡಿನ ಡಬ್ಬಿಯನ್ನು ಎತ್ತಿ ಅಟ್ಟದ ಮೇಲೆ, ಹಬ್ಬದ ಪಾತ್ರೆಗಳ ಹಿಂದೆ ಇಟ್ಟೆ. ಫ್ರಿಜ್ಜಿನ ನೀರು ಕೊಟ್ಟೆ. ಹುಳಿ ಮೊಸರು ಕೊಟ್ಟೆ. ಒಂದು ದಿನ ಅವರ ದನಿ ಸ್ವಲ್ಪ ತಿಳಿಯಾದಂತೆ ಕಂಡಾಗ ಇಬ್ಬರಿಗೂ ಗಾಬರಿಯಾಯಿತು. ಅವರು ತಾರಸಿಗೆ ಹೋಗಿ ಅರ್ಧ ಗಂಟೆ ಜೋರಾಗಿ ಪೇಪರು ಓದಿ ಬಂದರು. ಮತ್ತೆ ಒರಟಾಯಿತು. ಸಮಾಧಾನವಾಯಿತು. ಬೇರೆ ಮನೆಗಳಲ್ಲಿ ಹೆಂಡತಿಯರು ಗಂಡನ ಕಾಯಿಲೆ ವಾಸಿಯಾಗಲೆಂದು ಹರಕೆ ಹೊರುತ್ತಾರೆ. ನಾನು ಪೂಜೆಗೆ ಕೂತಾಗ, ಸಂಕ್ರಾಂತಿಯವರೆಗೆ ಹೀಗೆಯೇ ಇರಲಿ ಸ್ವಾಮೀ ಎಂದು ಬೇಡಿಕೊಂಡಿದ್ದೇನೆ. ಬಾಯಿಬಿಟ್ಟೇ ಬೇಡಿದ್ದೇನೆ.

ನಮ್ಮ ಕ್ರೋಂಪೇಟೆಯ ಮನೆಯ ಅಡುಗೆಕಟ್ಟೆಯೇ ಅಭ್ಯಾಸದ ಜಾಗ. ಅವರ ಕನ್ನಡದಲ್ಲಿ ತಮಿಳು ಜಾಸ್ತಿ. ನಾನು ತಿಪಟೂರಿನಲ್ಲಿ ಪಿಯುಸಿವರೆಗೆ ಕನ್ನಡದಲ್ಲಿ ಓದಿದವಳು. ಹಾಳೆ ಹಿಡಿದು ಆ ಗನ್ನು ಹಿಡಿದ ಹೆಂಗಸಿನ ಮಾತು ನಾನು ಓದುತ್ತಿದ್ದೆ, ದೊರೆಯ ಮಾತು ಅವರು. ಸಾಲು ಎಷ್ಟು ಉದ್ದವಿರಬೇಕೆಂದು ಸ್ಟೀಲ್ ಲೋಟದ ಮೇಲೆ ಬೆರಳು ಬಡಿದು ಅಳತೆ ಹಾಕುತ್ತಿದ್ದರು.

"ನಿನ್ನ ಕಾಲ ಮುಗಿಯಿತು," ಎಂದು ನಾನು ಓದುವುದು.

"ಹಾಗೆ ಪಲ್ಯಕ್ಕೆ ಉಪ್ಪು ಕಮ್ಮಿ ಅನ್ನೋ ಥರ ಓದ್ಬೇಡ್ವೇ. ಕೊಲ್ಲೋಕೆ ಬಂದಿದೀಯ ನೀನು. ಕೋಪ ಎಲ್ಲಿ?"

"ಕೋಪ ಬರ್ಬೇಕು ಅಂದ್ರೆ ನೀವು ಟವೆಲ್ ಹಾಸಿಗೆ ಮೇಲೆ ಹಾಕಿದ್ದು ನೆನಪಿಸ್ಕೋಬೇಕು."

"ನೆನಪಿಸ್ಕೋ. ಸುಮ್ಮಾ ಸಾಯಿಸ್ಬೇಡ, ಚೆನ್ನಾಗಿ ಸಾಯ್ಸು."

ಹೀಗೆ ಆ ಅಡುಗೆಮನೆಯಲ್ಲಿ ಅವರನ್ನು ಎಷ್ಟು ಸಲ ಸಾಯಿಸಿದೆನೋ.

ಸ್ಟುಡಿಯೋದಲ್ಲಿ ಅವರಿಗೆ ಆ ದೊರೆಯ ಮುಖವನ್ನೇ ತೋರಿಸುತ್ತಿರಲಿಲ್ಲ. ಪಿಕ್ಚರು ಬಿಡುಗಡೆಗೆ ಮೊದಲು ಕಳುವಾಗಬಾರದೆಂದು ಪರದೆಯನ್ನೆಲ್ಲ ಕಪ್ಪು ಮಾಡಿ, ಮಾತಾಡುವ ಬಾಯಿ ಇರುವಲ್ಲಿ ಮಾತ್ರ ದುಂಡಗೆ ಬಿಟ್ಟು ಕಳಿಸುತ್ತಾರೆ. "ಕತ್ತಲಲ್ಲಿ ಬರೀ ಬಾಯಿ ಕಣೇ," ಎಂದಿದ್ದರು. "ಅದು ತೆರೆದಾಗ ನಾನು ತೆರೀಬೇಕು, ಮುಚ್ಚಿದಾಗ ಮುಚ್ಚಬೇಕು. ನಾಲ್ಕು ಗಂಟೆ ನೋಡಿದ್ರೆ ಅದೇ ನನ್ನ ಮಾತಾಡಿಸ್ತಿದೆ ಅನ್ಸುತ್ತೆ."

ದೀಪಾವಳಿಯ ನಂತರ ಒಂದು ಹೊಸ ಸದ್ದು ಸೇರಿಕೊಂಡಿತು. ಸಾಲು ಮುಗಿದ ಮೇಲೆ ಅವರು ಉಗುಳು ನುಂಗುವಾಗ ಗಂಟಲಲ್ಲಿ ಸಣ್ಣಗೆ 'ಟಕ್' ಎನ್ನುತ್ತಿತ್ತು. ಒಣಗಿದ ಗೋಂದು ಬಿಟ್ಟುಕೊಂಡ ಹಾಗೆ. ಎದುರು ಕೂತರೆ ಮಾತ್ರ ಕೇಳುವಷ್ಟು. ಸ್ಟುಡಿಯೋದ ಮೈಕಿಗೆ ಅದು ಚೆನ್ನಾಗಿ ಕೇಳಿಸಿ, ಸೌಂಡ್ ಇಂಜಿನಿಯರ್ "ಅದನ್ನ ತೆಗೀಬೇಡಿ ಸಾರ್, ಮೈ ಜುಮ್ ಅನ್ನುತ್ತೆ" ಎಂದನಂತೆ. ಅದನ್ನೂ ಅವರು ಮನೆಗೆ ಬಂದು ಹೆಮ್ಮೆಯಿಂದ ಹೇಳಿದರು.

ಧನುರ್ಮಾಸದ ಒಂದು ಮಧ್ಯಾಹ್ನ ಮಜ್ಜಿಗೆ ಅನ್ನ ಉಣ್ಣುತ್ತಿದ್ದಾಗ ಕೆಮ್ಮು ಬಂತು. ಅಂಗೈ ತೆಗೆದರೆ ಕೆಂಪಗೆ ಒಂದು ಎಳೆ. ಇಬ್ಬರೂ ನೋಡಿದೆವು. ಅವರೇ ಮೊದಲು ನಕ್ಕರು.

"ನೋಡೇ, ದೊರೆ ಊಟ ಮುಗಿಸ್ದ."

ನಾನೂ ನಕ್ಕೆ. ಈಗ ಎಷ್ಟು ನೆನೆದರೂ ಆ ನಗು ಹೇಗೆ ಬಂತೆಂದು ತಿಳಿಯುವುದಿಲ್ಲ. ಹೆದರಿಕೆಯಾಗಿತ್ತು. ಕ್ಯಾಲೆಂಡರಿನಲ್ಲಿ ಸಂಕ್ರಾಂತಿಗೆ ಇನ್ನೆಷ್ಟು ದಿನವೆಂದು ಮನಸ್ಸಿನಲ್ಲೇ ಎಣಿಸುತ್ತ ನಕ್ಕೆ.

ಸಂಕ್ರಾಂತಿಯ ಮಾರನೆಯ ದಿನ ಡಾಕ್ಟರ ಹತ್ತಿರ ಹೋದೆವು. ಗಂಟಲಿನೊಳಗೆ ಕೊಳವೆ ಬಿಟ್ಟು ನೋಡಿದರು. "ಯಾವಾಗ ಶುರುವಾಯಿತು?" ಎಂದರು. ಗೌರಿ ಹಬ್ಬಕ್ಕೆ ಎಂದೆ. ಅವರು ತಮಿಳಿನವರು, ಗೌರಿ ಹಬ್ಬ ಯಾವಾಗ ಎಂದು ಕೇಳಿದರು. ಹೇಳಿದೆ. ಬರೆಯುತ್ತಿದ್ದ ಪೆನ್ನು ಕೆಳಗಿಟ್ಟರು. "ಗಂಟಲು ಕಟ್ಟಿ ಮೂರು ವಾರ ದಾಟಿದರೆ ತೋರಿಸಲೇಬೇಕಮ್ಮ," ಎಂದು ಮೆಲ್ಲಗೆ ಹೇಳಿ ಮತ್ತೆ ಬರೆದರು. ಮೊದಲೇ ಬಂದಿದ್ದರೆ ಉಳಿಯುತ್ತಿದ್ದರೇ ಎಂದು ನಾನು ಆಮೇಲೆ ಎರಡು ಸಲ ಕೇಳಿದ್ದೇನೆ. ಎರಡು ಸಲವೂ ಅವರು, ಈಗ ಅದನ್ನು ಯೋಚಿಸಬೇಡಿ ಎಂದರು.

ಧ್ವನಿಪೆಟ್ಟಿಗೆಯನ್ನು ಪೂರ್ತಿ ತೆಗೆದರು. ಕುತ್ತಿಗೆಯಲ್ಲಿ ಉಸಿರಿಗೆ ಒಂದು ತೂತು. ಆಮೇಲಿನ ತಿಂಗಳುಗಳಲ್ಲಿ ನಮ್ಮ ಮನೆಯಲ್ಲಿ ಗಾಳಿಯ ಸದ್ದು ಬಿಟ್ಟರೆ ಅವರಿಂದ ಬೇರೆ ಸದ್ದಿಲ್ಲ. ಏನು ಹೇಳಬೇಕಾದರೂ ನೋಟ್‌ಬುಕ್ಕಿನಲ್ಲಿ ಬರೆಯುತ್ತಿದ್ದರು. ಪಿಕ್ಚರಿನ ಟ್ರೈಲರ್ ಬಂದಾಗ ಮಗಳು ಮೊಬೈಲಿನಲ್ಲಿ ತೋರಿಸಿದಳು. ಪೂರ್ತಿ ಕೇಳಿ ಪೆನ್ನು ತೆಗೆದುಕೊಂಡು ಬರೆದರು: "ಎರಡನೇ ಸಾಲಿಗೆ ಇನ್ನೊಂದು ಟೇಕ್ ಕೇಳಿದ್ದೆ. ಕೊಡಲಿಲ್ಲ, ಕಳ್ಳರು." ಪಿಕ್ಚರು ಬೆಂಗಳೂರಿನಲ್ಲಿ ಕನ್ನಡದಲ್ಲಿ ಒಂದು ವಾರ ಓಡಿತಂತೆ. ಚೆನ್ನೈಗೆ ಬಂದದ್ದು ತಮಿಳಿನಲ್ಲಿ, ಬೇರೆ ಯಾರದೋ ದನಿಯಲ್ಲಿ. ಅದೇ ತಿಂಗಳು ಅವರು ಹೋದರು. ಶ್ವಾಸಕೋಶಕ್ಕೆ ಹಬ್ಬಿತ್ತು.

ಟಿವಿಯಲ್ಲಿ ನೋಡಿದ ಹದಿನೈದು ದಿನಕ್ಕೆ ಡಬ್ಬಿಂಗ್ ಇನ್‌ಚಾರ್ಜ್ ನನಗೆ ಫೋನ್ ಮಾಡಿದರು. ಎರಡನೆಯ ಭಾಗ ಬರುತ್ತಿದೆ, ದೊರೆ ಮತ್ತೆ ಏಳುತ್ತಾನೆ, ಜನ ಆ ದನಿಯನ್ನೇ ಕೇಳುತ್ತಿದ್ದಾರೆ ಎಂದರು.

"ಸಾರ್ ಇಲ್ಲದಿದ್ರೂ ಪರವಾಗಿಲ್ಲಮ್ಮ. ಅವರು ಮಾತಾಡಿದ್ದೆಲ್ಲ ನಮ್ಮ ಹತ್ರ ಇದೆ. ಕಂಪ್ಯೂಟರ್‌ಗೆ ಕಲಿಸಿದ್ರೆ ಹೊಸ ಸಾಲೂ ಅವರ ದನಿಯಲ್ಲೇ ಬರುತ್ತೆ. ಒಂದ್ಸಲ ಬಂದು ಕೇಳಿ. ನೀವು ಒಪ್ಪಿ ಸಹಿ ಹಾಕಿದ್ರೆ ಮಾತ್ರ ಮುಂದಕ್ಕೆ."

ನನಗೆ ಹೋಗುವ ಮನಸ್ಸಿರಲಿಲ್ಲ. ಮಗಳಿಗೆ ಇತ್ತು. "ಅಪ್ಪಾವೋಡ ಕುರಲ್ ಇರುಕ್ಕಟ್ಟುಮೇ ಮಾ," ಎಂದಳು. ಅಪ್ಪನ ದನಿಯಾದರೂ ಇರಲಿ ಬಿಡಮ್ಮ ಎಂದು. ಅವಳು ಹಾಗೆ ಅಂದಾಗ ಬೇಡ ಎನ್ನಲು ನನ್ನಲ್ಲಿ ಕಾರಣವಿರಲಿಲ್ಲ. ಅವಳು ಅರ್ಧ ದಿನ ರಜೆ ಹಾಕಿದಳು. ಟ್ರೈನಿನಲ್ಲಿ ಕೋಡಂಬಾಕ್ಕಂವರೆಗೆ, ಅಲ್ಲಿಂದ ಆಟೋ.

ಒಳಗೆ ತಣ್ಣಗಿತ್ತು. ಗೋಡೆಗೆಲ್ಲ ಸ್ಪಂಜು, ಕಿಟಕಿ ಇಲ್ಲ, ನಮ್ಮ ಮಾತು ಬಾಯಿಯಿಂದ ಹೊರಗೆ ಬಂದ ಕೂಡಲೇ ಸತ್ತ ಹಾಗೆ ಕೇಳಿಸುತ್ತಿತ್ತು. ಗಾಜಿನ ಆಚೆ ಮೈಕು. ಅದರ ಮುಂದೆ ಅವರು ಕೂರುತ್ತಿದ್ದ ಎತ್ತರದ ಕುರ್ಚಿ. ಸೌಂಡ್ ಇಂಜಿನಿಯರ್ ಏನೋ ಟೈಪ್ ಮಾಡಿದ. ಸ್ಪೀಕರು ಮಾತಾಡಿತು.

"ಮತ್ತೆ ಬಂದಿದ್ದೇನೆ. ಈ ಸಲ ಹೋಗುವುದಿಲ್ಲ."

ಮಗಳು ನನ್ನ ಕೈ ಹಿಡಿದುಕೊಂಡಳು. ಅವಳ ಕಣ್ಣಲ್ಲಿ ನೀರು ಸುರಿಯುತ್ತಿತ್ತು. ನಾನು ಬೇರೆಯದನ್ನು ಕೇಳಿಸಿಕೊಂಡಿದ್ದೆ. ಸಾಲು ಮುಗಿದ ಮೇಲೆ, ಸಣ್ಣಗೆ, ಟಕ್.

"ಕೊನೇಲಿ ಅದೇನು ಸದ್ದು?" ಎಂದು ಕೇಳಿದೆ.

ಇಂಜಿನಿಯರ್ ಮುಖ ಅರಳಿತು. "ಅದು ಸಾರ್ ಸ್ಟೈಲ್ ಅಲ್ವಾ ಅಮ್ಮ! ನಾವು ಹಾಕಿಲ್ಲ. ಅದೇ ಕಲ್ತ್ಕೊಂಡಿದೆ. ಎಲ್ಲ ಸಾಲಿಗೂ ಕರೆಕ್ಟಾಗಿ ಬರುತ್ತೆ."

ಮಗಳು ಕಣ್ಣು ಒರೆಸಿಕೊಂಡು, ಇನ್ನೊಂದು ಸಾಲು ಟೈಪ್ ಮಾಡಬಹುದೇ ಎಂದು ಕೇಳಿದಳು. ಅವಳು ಆಫೀಸಿನಿಂದ ಬಂದ ತಕ್ಷಣ ಅವಳಪ್ಪ ದಿನಾ ಕೇಳುತ್ತಿದ್ದ ಮಾತು. ಇಂಜಿನಿಯರ್ ಟೈಪ್ ಮಾಡಿದ.

"ಪುಟ್ಟೀ, ಊಟ ಆಯ್ತಾ?" ಎಂದಿತು ಸ್ಪೀಕರು. ಆಮೇಲೆ, ಟಕ್.

ಅವರು ಹಾಗೆ ಒರಟಾದ ದನಿಯಲ್ಲಿ ಅವಳನ್ನು ಊಟಕ್ಕೆ ಕೇಳಿದ್ದು ಕೊನೆಯ ನಾಲ್ಕು ತಿಂಗಳು ಮಾತ್ರ. ಅದಕ್ಕೆ ಮುಂಚಿನ ಇಪ್ಪತ್ತನಾಲ್ಕು ವರ್ಷ ಕೇಳಿದ ದನಿ ಬೇರೆ. ಆ ದನಿ ಗುಂಪಿನಲ್ಲಿ ಸೇರಿಹೋಗಿದೆ, ಎಲ್ಲಿದೆಯೆಂದು ನನಗೆ ತೋರಿಸಲು ಬರುವುದಿಲ್ಲ. ಈ ಯಂತ್ರದಲ್ಲಿ ಇರುವುದು ಅವರಲ್ಲ. ಅವರ ಗಂಟಲಲ್ಲಿ ಬೆಳೆಯಿತಲ್ಲ, ಅದು. ನಾವಿಬ್ಬರೂ ತಣ್ಣೀರು, ಹುಳಿ ಮೊಸರು ಹಾಕಿ ಸಾಕಿದೆವಲ್ಲ, ಅದು. ಅವರನ್ನು ಮಣ್ಣಿನಲ್ಲಿ ಕೂರಿಸಿ ಬಂದಿದ್ದೆವು. ಅದು ಮಾತ್ರ ಇಲ್ಲಿ ಆರಾಮಾಗಿ ಬದುಕಿಕೊಂಡು, ನನ್ನ ಮಗಳನ್ನು ಊಟ ಆಯಿತೇ ಎಂದು ಕೇಳುತ್ತಿತ್ತು.

"ಬೇಡ," ಎಂದೆ. "ನಾನು ಸಹಿ ಹಾಕೋದಿಲ್ಲ. ಇದನ್ನ ಅಳಿಸಿಬಿಡಿ."

ಇನ್‌ಚಾರ್ಜ್ ಒಳ್ಳೆಯವರು, ಒತ್ತಾಯ ಮಾಡಲಿಲ್ಲ. ಅಳಿಸುತ್ತೇವೆ ಎಂದರು. ಬಾಗಿಲವರೆಗೆ ಬಂದು ಕಳಿಸುವಾಗ, "ಹಾಗಾದ್ರೆ ಅಂಥದೇ ಇನ್ನೊಂದು ಗಂಟಲು ಹುಡುಕ್ಬೇಕಮ್ಮ. ಕಷ್ಟ," ಎಂದರು. ಆ ಮಾತಿಗೆ ಆಗ ನಾನು ಗಮನ ಕೊಡಲಿಲ್ಲ.

ಕೋಡಂಬಾಕ್ಕಂ ಸ್ಟೇಷನ್ನಿನಲ್ಲಿ ಮಗಳು ನನ್ನಿಂದ ದೂರ ನಿಂತಳು. ಒಂದು ಟ್ರೈನ್ ಬಂದು ಹೋಯಿತು, ಹತ್ತಲಿಲ್ಲ. "ನೀಂಗ ಯಾರು ಮಾ ವೇಂಡಾಂನು ಸೊಲ್ಲ?" ಎಂದಳು. ಬೇಡ ಎನ್ನಲು ನೀನು ಯಾರು ಎಂದು. ಆಗ ಹೇಳಿದೆ. ಅಟ್ಟದ ಮೇಲಿನ ಡಬ್ಬಿ, ನಿಲ್ಲಿಸಿದ ಹಾಲು, ಆ ಟಕ್, ಅಂಗೈಯ ಕೆಂಪು, ನಾವು ನಕ್ಕದ್ದು. ಬೆಳಿಗ್ಗೆ ಎಂಟಕ್ಕೆ ಹೋಗಿ ಕತ್ತಲಾದ ಮೇಲೆ ಬರುತ್ತಿದ್ದವಳಿಗೆ ಇದು ಯಾವುದೂ ಗೊತ್ತಿರಲಿಲ್ಲ. ಡಾಕ್ಟರು ಹೇಳುವವರೆಗೂ, ಅಪ್ಪ ಪಾತ್ರಕ್ಕಾಗಿ ದನಿ ಬದಲಿಸಿಕೊಂಡಿದ್ದಾನೆ ಎಂದೇ ತಿಳಿದಿದ್ದಳು.

"ನಿರುತ್ತಿಟ್ಟೀಂಗಳಾ?" ಎಂದಳು. ನಿಲ್ಲಿಸಿಬಿಟ್ಟಿರಾ? ಹಾಲನ್ನು ನಿಲ್ಲಿಸಿಬಿಟ್ಟಿರಾ?

ಹೌದು ಎಂದೆ. ಮುಂದಿನ ಟ್ರೈನ್ ಬಂದಾಗ ಅವಳು ಬೇರೆ ಬೋಗಿಗೆ ಹತ್ತಿದಳು. ಮೂರು ವಾರ ನಮ್ಮ ಮನೆಯಲ್ಲಿ ಮಾತು ಬರೀ ಅಡುಗೆ, ಬೀಗದ ಕೈ, ನೀರಿನ ಮೋಟಾರು ಇಷ್ಟಕ್ಕೇ ಇತ್ತು.

ಆಮೇಲೆ ಒಂದು ಬೆಳಿಗ್ಗೆ ಇನ್‌ಚಾರ್ಜ್ ನನ್ನ ಮೊಬೈಲಿಗೆ ಒಂದು ದನಿ ಕಳಿಸಿದರು. "ಹೊಸ ಆರ್ಟಿಸ್ಟ್ ಸಿಕ್ಕಿದ್ದಾರಮ್ಮ. ಸಾರ್ ದನಿಗೆ ಸೇರುತ್ತಾ ಕೇಳಿ ಹೇಳಿ. ನಿಮಗಿಂತ ಚೆನ್ನಾಗಿ ಯಾರಿಗೆ ಗೊತ್ತಾಗುತ್ತೆ?"

ಮಗಳು ಇಡ್ಲಿ ತಿನ್ನುತ್ತಿದ್ದಳು. ಅವಳ ಮುಂದೆಯೇ ಕೇಳಿದೆ. ಸ್ಪೀಕರು ಹೇಳಿದ್ದ ಅದೇ ಎರಡು ಸಾಲು. ಒಡೆದ, ಒಣಗಿದ ದನಿ. ಸೇರುತ್ತಿತ್ತು. ಬಹಳ ಚೆನ್ನಾಗಿ ಸೇರುತ್ತಿತ್ತು. ತಕ್ಷಣ ಫೋನ್ ಮಾಡಿದೆ.

"ಆ ಗಂಟಲು ಅವರದು ಮೊದಲಿಂದಲೂ ಹಾಗೇನಾ? ಇಲ್ಲಾ ನಟನೆಯಾ?"

"ಇಲ್ಲಮ್ಮ, ದಸರಾದಿಂದ ಕಟ್ಟಿದೆಯಂತೆ. ನಮ್ಮ ಅದೃಷ್ಟ ನೋಡಿ."

ಆಗ ಡಿಸೆಂಬರ್. ನಾನು ಬೆರಳು ಮಡಿಚಿದೆ. ಮೂರು ವಾರ ಯಾವಾಗಲೋ ದಾಟಿತ್ತು. ನಾನು ಸ್ಪೀಕರಿಗೆ ಬೇಡ ಎಂದಿದ್ದೆ, ಅವರು ಹೋಗಿ ಮನುಷ್ಯನನ್ನು ಹುಡುಕಿದ್ದರು. ನಂಬರು ಕೇಳಿ ತೆಗೆದುಕೊಂಡೆ.

ಆತ ನಲವತ್ತೈದರ ಆಸುಪಾಸಿನವರು, ನನ್ನ ಗಂಡನ ಜೊತೆ ಗುಂಪಿನಲ್ಲಿ ಕೂಗುತ್ತಿದ್ದವರು. ನಾನು ಯಾರೆಂದು ಹೇಳಿದ ಕೂಡಲೇ ದನಿಯಲ್ಲಿ ಖುಷಿ ತುಂಬಿತು.

"ಅಕ್ಕಾ! ಅಣ್ಣನ ಜಾಗಕ್ಕೆ ಬಂದಿದೀನಿ. ನೀವೇ ಫೋನ್ ಮಾಡಿದ್ರಲ್ಲ, ಆಶೀರ್ವಾದ ಅಂದ್ಕೋತೀನಿ."

"ಡಾಕ್ಟರಿಗೆ ತೋರಿಸಿದ್ರಾ?"

"ಯಾಕಕ್ಕಾ? ಪಿಕ್ಚರ್ ಮುಗೀಲಿ. ಈಗ ವಾಸಿ ಆಗ್ಬಿಟ್ರೆ ನನ್ನ ಕಥೆ ಅಷ್ಟೇ. ಮನೇಲಿ ಕಷಾಯ ಮಾಡಿಕೊಟ್ಲು, ಸಿಂಕಿಗೆ ಸುರಿದುಬಿಟ್ಟೆ." ನಕ್ಕರು. ನಕ್ಕು ಮುಗಿಸಿ ಉಗುಳು ನುಂಗಿದರು. ಫೋನಿನಲ್ಲಿ ಅಷ್ಟು ಸಣ್ಣದೆಲ್ಲ ಕೇಳಿಸುವುದಿಲ್ಲ.

ಅವರು ಆ ದಿನ ಹನ್ನೊಂದಕ್ಕೆ ಸ್ಟುಡಿಯೋಗೆ ಬರುವವರಿದ್ದರು. ನಾನು ಸೀರೆ ಬದಲಿಸಿ, ಗಂಡನ ಆಸ್ಪತ್ರೆಯ ಫೈಲು ಚೀಲಕ್ಕೆ ಹಾಕಿಕೊಂಡೆ. ಚಪ್ಪಲಿ ಹಾಕುವಾಗ ಮಗಳು ಆಫೀಸಿನ ಬ್ಯಾಗನ್ನು ಕುರ್ಚಿಯ ಮೇಲೆ ಇಟ್ಟು ಬಂದಳು.

"ನಾನುಮ್ ವರೇನ್," ಎಂದಳು. ನಾನೂ ಬರುತ್ತೇನೆ ಎಂದು. ಅಷ್ಟೇ.

ಸ್ಟುಡಿಯೋದ ಗೇಟಿನಲ್ಲಿ ಅವರನ್ನು ಹಿಡಿದೆವು. ಫೈಲು ತೆಗೆದು ನನ್ನ ಗಂಡನ ಕುತ್ತಿಗೆಯ ಫೋಟೋ ತೋರಿಸಿದೆ. "ಇದು ದೊರೆಯ ಗಂಟಲು," ಎಂದೆ. "ನಾವೂ ಪಿಕ್ಚರ್ ಮುಗೀಲಿ ಅಂತಲೇ ಇದ್ದದ್ದು." ಅವರು ಫೋಟೋ ನೋಡಿದರು, ಸ್ಟುಡಿಯೋದ ಬಾಗಿಲು ನೋಡಿದರು. "ಹತ್ತು ನಿಮಿಷ ಲೇಟಾದ್ರೂ ಕೂಗಾಡ್ತಾರೆ ಅಕ್ಕಾ," ಎಂದರು, ಆದರೆ ಕಾಲು ಬಾಗಿಲ ಕಡೆ ಎತ್ತಿಡಲಿಲ್ಲ. ಮಗಳು ಆಟೋ ನಿಲ್ಲಿಸಿದಳು.

ಅದೇ ಡಾಕ್ಟರು, ಅದೇ ಬೆಂಚು. ಟೋಕನ್ ಕೂಗಿದಾಗ ಅವರು ಒಬ್ಬರೇ ಒಳಗೆ ಹೋದರು. ಬಾಗಿಲು ಪೂರ್ತಿ ಮುಚ್ಚಿಕೊಳ್ಳಲಿಲ್ಲ. ನಾಲಿಗೆ ಚಾಚಿ "ಆ" ಅನ್ನಿ ಎಂದು ಡಾಕ್ಟರು ಹೇಳಿದ್ದು ಕೇಳಿಸಿತು. ಅವರು ಅಂದರು. ಆ ಒಂದು ಅಕ್ಷರ ಒರಟಾಗಿ, ಉದ್ದಕ್ಕೆ ಬರುತ್ತಿತ್ತು. ಮಗಳು ಬೆಂಚಿನ ಮೇಲೆ ನನ್ನ ಹತ್ತಿರಕ್ಕೆ ಸರಿದಳು. ಅದು ಮುಗಿಯುವುದನ್ನೇ, ಮುಗಿದ ಮೇಲೆ ಏನು ಕೇಳಿಸುತ್ತದೆಂದೇ, ಇಬ್ಬರೂ ಕಿವಿಗೊಟ್ಟು ಕಾದೆವು.